ಆಕಾರದ ನಿಖರತೆಗಿಂತ ನುಣುಪು ಮುಖ್ಯ: ಸ್ಪ್ಲೈನ್ ಆಧಾರಿತ ವಿಶ್ಲೇಷಣೆಯ ಕುರಿತು

ಯಂತ್ರದ ಬಿಡಿಭಾಗವೊಂದನ್ನು ಕ್ಯಾಡ್ ತಂತ್ರಾಂಶದಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ತಂತ್ರಾಂಶದಲ್ಲಿ, ರೂಪಿಸುವವರು ಒಬ್ಬರು. ಆ ಭಾಗ ಹೊರೆಯನ್ನು ತಾಳುತ್ತದೆಯೇ, ಎಲ್ಲಿ ಬಿರುಕು ಬಿಡಬಹುದು, ಯಾವ ವೇಗದಲ್ಲಿ ಅದುರಬಹುದು ಎಂದು ಲೆಕ್ಕ ಹಾಕುವವರು ಇನ್ನೊಬ್ಬರು. ಮೊದಲನೆಯವರ ಕಡತ ಎರಡನೆಯವರ ಕೈಸೇರಿದ ಕೂಡಲೇ ಲೆಕ್ಕ ಆರಂಭವಾಗುತ್ತದೆ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸಬಹುದು. ವಾಸ್ತವವಾಗಿ ಆಗ ಆರಂಭವಾಗುವುದು ದುರಸ್ತಿ. ಎರಡು ಮೇಲ್ಮೈಗಳು ಸೇರಬೇಕಾದ ಅಂಚಿನಲ್ಲಿ ಕಣ್ಣಿಗೆ ಕಾಣದ ಸಂದು ಉಳಿದಿರುತ್ತದೆ, ಒಂದೇ ಅಂಚು ಎರಡು ಸಲ ದಾಖಲಾಗಿರುತ್ತದೆ, ಲೆಕ್ಕಕ್ಕೆ ಬೇಡವಾದ ಸಣ್ಣ ಫಿಲೆಟ್‌ಗಳೂ (ದುಂಡಾಗಿಸಿದ ಮೂಲೆಗಳು) ತೂತುಗಳೂ ಹೇರಳವಾಗಿರುತ್ತವೆ. ಇವನ್ನೆಲ್ಲ ತಿದ್ದಿ, ಅಳಿಸಿ, ಹೊಂದಿಸಿ, ಕೊನೆಗೆ ಇಡೀ ಆಕಾರವನ್ನು ಸಣ್ಣ ಸಣ್ಣ ತುಂಡುಗಳ, ಅಂದರೆ ಎಲಿಮೆಂಟುಗಳ, ಬಲೆಯಂಥ ಮೆಶ್ ಆಗಿ ಒಡೆದ ಮೇಲೆಯೇ ಕಂಪ್ಯೂಟರಿಗೆ ಕೆಲಸ. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಮಾಡಿದ ಒಂದು ಅಂದಾಜಿನಂತೆ, ವಿಶ್ಲೇಷಣೆಗೆ ತಗಲುವ ಒಟ್ಟು ಸಮಯದಲ್ಲಿ ಶೇಕಡ 80ರಷ್ಟು ಈ ಸಿದ್ಧತೆಗೇ ಹೋಗುತ್ತದೆ. ನಿಜವಾದ ಲೆಕ್ಕಕ್ಕೆ ಉಳಿಯುವುದು ಶೇಕಡ 20. ಈ ಕೆಲಸ ಮಾಡುವ ಯಾರಿಗೂ ಈ ಅಂಕಿ ಅಚ್ಚರಿ ತರುವುದಿಲ್ಲ.

ಸಮಯ ಹೋಗುವುದರ ಜೊತೆಗೆ ಇನ್ನೊಂದು ನಷ್ಟವೂ ಇದೆ, ಅದರ ಬಗ್ಗೆ ಮಾತು ಕಡಿಮೆ. ಮೆಶ್ ಸಿದ್ಧವಾದ ಮೇಲೆ ಅದಕ್ಕೂ ಮೂಲ ಕ್ಯಾಡ್ ಮಾದರಿಗೂ ನಂಟು ಕಡಿದುಹೋಗುತ್ತದೆ. ಲೆಕ್ಕದಲ್ಲಿ ಒಂದು ಮೂಲೆಯಲ್ಲಿ ಸ್ಟ್ರೆಸ್ (ಒಳಬಿಗುವು) ಹೆಚ್ಚಿದೆ ಎಂದು ಕಂಡುಬಂದರೆ, ಆ ಮೂಲೆಯನ್ನು ಎಷ್ಟು ದಪ್ಪ ಮಾಡಬೇಕು ಎಂಬ ಸಲಹೆ ಬಾಯಿಮಾತಿನಲ್ಲೋ ವರದಿಯಲ್ಲೋ ವಿನ್ಯಾಸಕಾರರಿಗೆ ತಲುಪುತ್ತದೆ. ಅವರು ತಿದ್ದಿದ ಕಡತ ಮತ್ತೆ ಬರುತ್ತದೆ, ದುರಸ್ತಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೆಶ್‌ನಲ್ಲೇ ನೋಡ್‌ಗಳನ್ನು, ಅಂದರೆ ಎಲಿಮೆಂಟುಗಳು ಸೇರುವ ಬಿಂದುಗಳನ್ನು, ಸರಿಸಿ ಒಳ್ಳೆಯ ಆಕಾರವನ್ನು ಕಂಡುಹಿಡಿದರೂ, ಆ ನೋಡ್‌ಗಳ ರಾಶಿಯಿಂದ ಕ್ಯಾಡ್ ಮಾದರಿಯನ್ನು ಮರಳಿ ಪಡೆಯುವ ಸುಲಭ ದಾರಿ ಇಲ್ಲ.

ಈ ನಂಟನ್ನು ಉಳಿಸಿಕೊಳ್ಳುವ ಉದ್ದೇಶದಿಂದ 2005ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಥಾಮಸ್ ಹ್ಯೂಸ್, ಆಸ್ಟಿನ್ ಕಾಟ್ರೆಲ್ ಮತ್ತು ಯೂರಿ ಬಾಜಿಲೆವ್ಸ್ ಒಂದು ಪ್ರಬಂಧ ಪ್ರಕಟಿಸಿದರು. ಅವರು ತಮ್ಮ ವಿಧಾನವನ್ನು ಐಸೋಜಿಯೊಮೆಟ್ರಿಕ್ ಅನಾಲಿಸಿಸ್ ಎಂದು ಕರೆದರು. ವೃತ್ತಿಯಲ್ಲಿರುವವರು ಚಿಕ್ಕದಾಗಿ ಐಜಿಎ ಎನ್ನುತ್ತಾರೆ. ಕ್ಯಾಡ್ ತಂತ್ರಾಂಶ ಆಕಾರವನ್ನು ಬರೆಯಲು ಬಳಸುವ ಸ್ಪ್ಲೈನ್ ಫಂಕ್ಷನ್‌ಗಳನ್ನೇ (ಬಹುಪದೋಕ್ತಿಯ ತುಂಡುಗಳನ್ನು ನುಣುಪಾಗಿ ಜೋಡಿಸಿದ ಫಂಕ್ಷನ್‌ಗಳು) ಲೆಕ್ಕದ ಅಜ್ಞಾತಗಳನ್ನು, ಅಂದರೆ ಹೊರೆಯಿಂದ ಬಿಂದುಗಳು ಸರಿಯುವ ಸ್ಥಾನಪಲ್ಲಟದಂಥವನ್ನು, ಬರೆಯಲೂ ಬಳಸಬೇಕು ಎಂಬುದು ಇದರ ತಿರುಳು. ಐಜಿಎಯನ್ನು ಪರಿಚಯಿಸುವ ಬಹುತೇಕ ಬರಹಗಳು ಮೊದಲು ಎತ್ತಿಹಿಡಿಯುವುದು ಅದರಲ್ಲಿ ಆಕಾರ ಒಂದಿಷ್ಟೂ ಕೆಡದೆ ಉಳಿಯುತ್ತದೆ ಎಂಬ ಗುಣವನ್ನು. ಅದು ನಿಜವೇ. ಆದರೆ ಅದಕ್ಕೆ ಸಿಕ್ಕಿರುವ ಪ್ರಚಾರ ಅದರ ಯೋಗ್ಯತೆಗಿಂತ ಹೆಚ್ಚು, ಮತ್ತು ಅದರ ನೆರಳಿನಲ್ಲಿ ಸ್ಪ್ಲೈನ್‌ಗಳ ನುಣುಪು, ಅಂದರೆ ತುಂಡುಗಳ ಸೇರುವೆಯಲ್ಲಿ ಇಳಿಜಾರು ಮುರಿಯದಿರುವುದು, ಎಂಬ ದೊಡ್ಡ ಲಾಭ ಮರೆಯಾಗಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿವರವಾಗಿ ಹೇಳುವುದಕ್ಕಾಗಿ ಈ ಬರಹ.

ವಿನ್ಯಾಸ ಮತ್ತು ವಿಶ್ಲೇಷಣೆ ಎಂಬ ಎರಡು ಕ್ಷೇತ್ರಗಳೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಆದರೆ ಒಂದರ ಪರಿವೆ ಇನ್ನೊಂದಕ್ಕಿಲ್ಲದಂತೆ ಬೆಳೆದವು. ವಿಮಾನದ ರೆಕ್ಕೆಗಳ ಬಿಗುವನ್ನು ಲೆಕ್ಕ ಹಾಕಲು ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಬರೆದ ಪ್ರಬಂಧ ಬಂದದ್ದು 1956ರಲ್ಲಿ. ಎಲಿಮೆಂಟುಗಳಾಗಿ ಒಡೆದು ಲೆಕ್ಕ ಹಾಕುವ ಈ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನು ಕ್ಲಫ್ ಬಳಸಿದ್ದು 1960ರಲ್ಲಿ. ಆ ವೇಳೆಗೆ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿ ಪೌಲ್ ಡಿ ಕಾಸ್ಟೆಲ್ಜೊ ಕಾರಿನ ಮೈಯ ವಕ್ರರೇಖೆಗಳನ್ನು ಗಣಿತದಲ್ಲಿ ಹಿಡಿದಿಡುವ ಕ್ರಮವನ್ನು ಕಂಡುಕೊಂಡಿದ್ದರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯರ್ ಬೆಜಿಯೆ ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿ 1960ರ ದಶಕದಲ್ಲಿ ಪ್ರಕಟಿಸಿದ್ದರಿಂದ ಆ ವಕ್ರರೇಖೆಗಳಿಗೆ ಅವರ ಹೆಸರು ಉಳಿಯಿತು. ಸ್ಪ್ಲೈನ್‌ಗಳನ್ನು ಕಟ್ಟುವ ಮೂಲ ಫಂಕ್ಷನ್‌ಗಳಾದ ಬಿ-ಸ್ಪ್ಲೈನ್‌ಗಳನ್ನು ಲೆಕ್ಕ ಹಾಕುವ ಸ್ಥಿರವಾದ ಸೂತ್ರವನ್ನು ಕಾಕ್ಸ್ ಮತ್ತು ಡಿ ಬೂರ್ 1972ರಲ್ಲಿ ಬೇರೆಬೇರೆಯಾಗಿ ಕೊಟ್ಟರು. ಮರುವರ್ಷ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ರೀಸನ್‌ಫೆಲ್ಡ್ ಅವನ್ನು ವಿನ್ಯಾಸಕ್ಕೆ ಹೊಂದಿಸಿದರು, 1975ರಲ್ಲಿ ಅಲ್ಲಿಯೇ ವರ್ಸ್‌ಪ್ರಿಲ್ ಅವಕ್ಕೆ ತೂಕಗಳನ್ನು ಸೇರಿಸಿದರು. ಹೀಗೆ ಹುಟ್ಟಿದ ನರ್ಬ್ಸ್ (ತೂಕವಿರುವ ಬಿ-ಸ್ಪ್ಲೈನ್) 1980ರ ದಶಕದಲ್ಲಿ ಕಡತ ವಿನಿಮಯದ ಮಾನಕಗಳನ್ನು ಸೇರಿ ಕ್ಯಾಡ್ ಲೋಕದ ಸಾಮಾನ್ಯ ರೂಪವಾಯಿತು. ಅಷ್ಟರಲ್ಲಿ ವಿಶ್ಲೇಷಣೆಯ ತಂತ್ರಾಂಶಗಳು ತಮ್ಮದೇ ಸರಳ ಬಹುಪದೋಕ್ತಿಗಳ ಮೇಲೆ ಗಟ್ಟಿಯಾಗಿ ನೆಲೆಯೂರಿದ್ದವು. ಹಿಂದಿರುಗಿ ಎಲ್ಲವನ್ನೂ ಮತ್ತೆ ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

2005ಕ್ಕೂ ಮೊದಲೇ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟವರಿದ್ದರು ಎಂಬುದನ್ನು ಹೇಳದಿದ್ದರೆ ನ್ಯಾಯವಾಗದು. ವಿನ್ಯಾಸಕ್ಕೂ ವಿಶ್ಲೇಷಣೆಗೂ ಒಂದೇ ಬಿ-ಸ್ಪ್ಲೈನ್ ಬಳಸುವ ಪ್ರಸ್ತಾಪವನ್ನು ಕಾಗನ್ ಮತ್ತು ಸಂಗಡಿಗರು 1998ರಲ್ಲೇ ಮಾಡಿದ್ದರು. 2000ದಲ್ಲಿ ಚಿರಾಕ್, ಓರ್ಟಿಜ್ ಮತ್ತು ಶ್ರೋಡರ್ ಸಬ್‌ಡಿವಿಷನ್ ಮೇಲ್ಮೈಗಳಿಂದ ತೆಳು ಶೆಲ್‌ಗಳನ್ನು (ತಗಡಿನಂಥ ಬಾಗಿದ ರಚನೆಗಳು) ಲೆಕ್ಕ ಹಾಕಿ ತೋರಿಸಿದ್ದರು. ಹೋಲಿಗ್ ತಮ್ಮದೇ ಬಗೆಯ ತೂಕ ಸೇರಿಸಿದ ಬಿ-ಸ್ಪ್ಲೈನ್‌ಗಳನ್ನು ಬಳಸುತ್ತಿದ್ದರು. ಹ್ಯೂಸ್ ಅವರ ತಂಡ ಮಾಡಿದ್ದು ಈ ಬಿಡಿ ಪ್ರಯತ್ನಗಳಿಗೆ ಒಂದು ಹೆಸರು, ಒಂದು ಕಾರ್ಯಕ್ರಮ ಮತ್ತು ಎಂಜಿನಿಯರಿಂಗ್‌ನ ಹಲವು ಶಾಖೆಗಳಿಂದ ಆರಿಸಿದ ಉದಾಹರಣೆಗಳನ್ನು ಕೊಟ್ಟದ್ದು. 1960ರ ದಶಕದಿಂದ ಬಳಕೆಯಲ್ಲಿದ್ದ ಐಸೋಪ್ಯಾರಾಮೆಟ್ರಿಕ್ ಎಲಿಮೆಂಟುಗಳಲ್ಲಿ ಮೊದಲು ಸ್ಥಾನಪಲ್ಲಟಕ್ಕೆ ಫಂಕ್ಷನ್ ಆರಿಸಿ, ಅದರಿಂದಲೇ ಆಕಾರವನ್ನು ಅಂದಾಜು ಮಾಡುತ್ತಿದ್ದರು. ಐಜಿಎ ಈ ಕ್ರಮವನ್ನು ತಿರುಗಿಸಿತು: ಆಕಾರಕ್ಕೆ ವಿನ್ಯಾಸಕಾರರು ಆರಿಸಿದ ಫಂಕ್ಷನ್ ಯಾವುದೋ, ಸ್ಥಾನಪಲ್ಲಟಕ್ಕೂ ಅದೇ.

ಆಕಾರ ಕೆಡುವುದಿಲ್ಲ ಎಂದರೆ ಏನರ್ಥ ಎಂಬುದನ್ನು ವೃತ್ತದ ಕಾಲುಭಾಗದ ಮೇಲೆ ನೋಡಬಹುದು. ತ್ರಿಜ್ಯ 1 ಇರುವ ವೃತ್ತದ ಕಾಲುಭಾಗಕ್ಕೆ ಮೂರು ನಿಯಂತ್ರಣ ಬಿಂದುಗಳು, ಅಂದರೆ ವಕ್ರರೇಖೆಯನ್ನು ತಮ್ಮತ್ತ ಸೆಳೆಯುವ ಬಿಂದುಗಳು, ಸಾಕು: (1, 0), (1, 1) ಮತ್ತು (0, 1). ಘಾತ ಎರಡು. ಮೂರೂ ಬಿಂದುಗಳಿಗೆ ಸಮನಾದ ತೂಕ (ಸೆಳೆತದ ಪ್ರಮಾಣ) ಕೊಟ್ಟರೆ ವಕ್ರರೇಖೆಯ ನಡುಬಿಂದು (0.75, 0.75)ಕ್ಕೆ ಬೀಳುತ್ತದೆ, ಕೇಂದ್ರದಿಂದ ಅದರ ದೂರ 1.0607, ಅಂದರೆ ವೃತ್ತದಿಂದ ಶೇಕಡ 6ರಷ್ಟು ಹೊರಗೆ. ನಡುವಿನ ನಿಯಂತ್ರಣ ಬಿಂದುವಿನ ತೂಕವನ್ನು 0.7071ಕ್ಕೆ, ಅಂದರೆ 2ರ ವರ್ಗಮೂಲದ ಅರ್ಧಕ್ಕೆ ಇಳಿಸಿದರೆ ನಡುಬಿಂದು (0.7071, 0.7071)ಕ್ಕೆ ಬಂದು ಕೂರುತ್ತದೆ. ನಡುಬಿಂದು ಮಾತ್ರವಲ್ಲ, ರೇಖೆಯ ಪ್ರತಿಯೊಂದು ಬಿಂದುವೂ ವೃತ್ತದ ಮೇಲೆಯೇ ಇರುತ್ತದೆ. ಬರಿಯ ಬಹುಪದೋಕ್ತಿಯಿಂದ, ಘಾತವನ್ನು ಎಷ್ಟೇ ಏರಿಸಿದರೂ, ಇದು ಸಾಧ್ಯವಾಗುವುದಿಲ್ಲ. ತೂಕಗಳು ತರುವ ಭಾಗಾಕಾರವೇ ವೃತ್ತವನ್ನು ಕೊಡುವುದು.

ಈಗ ಇದೇ ಕಾಲುವೃತ್ತವನ್ನು ಲೆಕ್ಕಕ್ಕಾಗಿ ಎರಡು ಎಲಿಮೆಂಟುಗಳಾಗಿ ಒಡೆಯಬೇಕು ಎಂದುಕೊಳ್ಳೋಣ. ಸ್ಪ್ಲೈನ್‌ಗಳಲ್ಲಿ ಇದಕ್ಕೆ ಮಾಡಬೇಕಾದದ್ದು ನಾಟ್ ವೆಕ್ಟರ್‌ನ, ಅಂದರೆ ತುಂಡುಗಳು ಎಲ್ಲಿ ಸೇರುತ್ತವೆ ಎಂದು ಹೇಳುವ ಸಂಖ್ಯೆಗಳ ಸಾಲಿನ, ನಡುವೆ ಒಂದು ಹೊಸ ನಾಟ್ ಸೇರಿಸುವುದು. ಮೊದಲಿದ್ದ 0, 0, 0, 1, 1, 1 ಎಂಬ ಸಾಲು 0, 0, 0, 0.5, 1, 1, 1 ಎಂದಾಗುತ್ತದೆ. ನಿಯಂತ್ರಣ ಬಿಂದುಗಳು ಮೂರರಿಂದ ನಾಲ್ಕಕ್ಕೆ ಏರುತ್ತವೆ: ತುದಿಯ ಎರಡು ಇದ್ದಲ್ಲೇ ಇರುತ್ತವೆ, ನಡುವಿನ ಒಂದರ ಜಾಗದಲ್ಲಿ (1, 0.4142) ಮತ್ತು (0.4142, 1) ಎಂಬ ಎರಡು ಬರುತ್ತವೆ, ಅವುಗಳ ತೂಕ ತಲಾ 0.8536. ಇವು ಹಳೆಯ ಬಿಂದುಗಳ ಸರಾಸರಿಗಳು ಮಾತ್ರ. ಸರಾಸರಿ ತೆಗೆಯುವಾಗ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಷ್ಟೆ. ವಕ್ರರೇಖೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಇನ್ನೂ ನಾಟ್ ಸೇರಿಸಿದರೂ ಅಲುಗುವುದಿಲ್ಲ. ಸಾಂಪ್ರದಾಯಿಕ ವಿಧಾನದಲ್ಲಿ ಮೆಶ್ ಸಣ್ಣದಾಗಿಸಬೇಕಾದಾಗಲೆಲ್ಲ ಮೂಲ ಆಕಾರ ಎಲ್ಲಿದೆ ಎಂದು ಕ್ಯಾಡ್ ಮಾದರಿಯನ್ನು ಮತ್ತೆ ಕೇಳಬೇಕಾಗುತ್ತದೆ. ಇಲ್ಲಿ ಅತಿ ಒರಟಾದ ಮೊದಲ ಮೆಶ್‌ನಲ್ಲೇ ಆಕಾರ ಪೂರ್ತಿಯಾಗಿ ಅಡಗಿದೆ.

ನೋಡಲು ಇದು ಚೆಂದ. ಆದರೆ ಆಕಾರದ ನಿಖರತೆಯಿಂದ ಲೆಕ್ಕಕ್ಕೆ ಎಷ್ಟು ಲಾಭ ಎಂದು ಕೇಳಿದರೆ ಉತ್ತರ ಅಷ್ಟು ಉತ್ಸಾಹದ್ದಲ್ಲ. ವೃತ್ತವನ್ನು 16 ಸರಳರೇಖೆಗಳಿಂದ ಸುತ್ತುವರಿದರೆ ಪ್ರತಿ ಗೆರೆಯ ನಡುವೆ ತ್ರಿಜ್ಯದ ಶೇಕಡ 1.9ರಷ್ಟು ತಪ್ಪು ಉಳಿಯುತ್ತದೆ; ಹೋಲಿಕೆಯ ಚಿತ್ರಗಳಲ್ಲಿ ತೋರಿಸುವುದು ಸಾಮಾನ್ಯವಾಗಿ ಇದನ್ನೇ. ಅದೇ 16 ತುಂಡುಗಳನ್ನು ಮೂರು ನೋಡ್‌ಗಳಿರುವ ವರ್ಗಘಾತದ ಸಾಧಾರಣ ಎಲಿಮೆಂಟುಗಳಿಂದ ಮಾಡಿದರೆ ಗರಿಷ್ಠ ತಪ್ಪು ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಈ ಎಲಿಮೆಂಟು ಪ್ರತಿಯೊಂದು ವಾಣಿಜ್ಯ ತಂತ್ರಾಂಶದಲ್ಲೂ ದಶಕಗಳಿಂದ ಇದೆ. ತಯಾರಿಕೆಯಲ್ಲಿ ಬರುವ ವ್ಯತ್ಯಾಸ, ಲೋಹದ ಗುಣಗಳ ಅನಿಶ್ಚಿತತೆ, ಹೊರೆಯ ಅಂದಾಜು ಇವುಗಳ ಮುಂದೆ ಅಷ್ಟು ಸಣ್ಣ ತಪ್ಪು ಲೆಕ್ಕಕ್ಕೇ ಬಾರದು.

ಆಕಾರದ ಸಣ್ಣ ತಪ್ಪೂ ದುಬಾರಿಯಾಗುವ ಸಮಸ್ಯೆಗಳು ಖಂಡಿತ ಇವೆ. ತೆಳುವಾದ ಸಿಲಿಂಡರ್ ಅದುಮಿದಾಗ ಯಾವ ಹೊರೆಗೆ ಕುಸಿಯುತ್ತದೆ ಎಂಬುದು ಅದರ ಮೈಯ ಅತಿ ಸಣ್ಣ ಏರಿಳಿತಗಳನ್ನು ಅವಲಂಬಿಸಿರುತ್ತದೆ; ಮೆಶ್ ತಾನೇ ತಂದ ಏರಿಳಿತ ಅಲ್ಲಿ ಉತ್ತರವನ್ನು ಕೆಡಿಸುತ್ತದೆ. ಒಂದು ವಕ್ರ ಮೇಲ್ಮೈ ಇನ್ನೊಂದರ ಮೇಲೆ ಜಾರುವಾಗ, ಮೇಲ್ಮೈಗಳು ಚಪ್ಪಟೆ ತುಂಡುಗಳಿಂದಾಗಿದ್ದರೆ ಸಂಪರ್ಕದ ಬಲ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಜಿಗಿಯುತ್ತದೆ, ಲೆಕ್ಕ ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಗೋಡೆಯ ಪಕ್ಕದಲ್ಲಿ ಹರಿಯುವ ದ್ರವದ ತೆಳುಪದರವೂ ಹಾಗೆಯೇ. ಆದರೆ ಈ ಉದಾಹರಣೆಗಳನ್ನು ಗಮನವಿಟ್ಟು ನೋಡಿದರೆ ಅವುಗಳಲ್ಲಿ ಹಲವು ಕಡೆ ತೊಂದರೆ ಬಿಂದುವಿನ ಸ್ಥಾನದಲ್ಲಿ ಆದ ತಪ್ಪಿನಿಂದಲ್ಲ, ತುಂಡುಗಳ ಸೇರುವೆಯಲ್ಲಿ ಇಳಿಜಾರು ಥಟ್ಟನೆ ಬದಲಾಗುವುದರಿಂದ ಬಂದದ್ದು. ಹಾಗಾದರೆ ಬೇಕಾಗಿದ್ದದ್ದು ನುಣುಪು.

ಪಿ ಘಾತದ ಬಿ-ಸ್ಪ್ಲೈನ್‌ನಲ್ಲಿ ನಾಟ್‌ಗಳು ಪುನರಾವರ್ತನೆಯಾಗದಿದ್ದರೆ, ಒಂದು ಎಲಿಮೆಂಟಿನಿಂದ ಪಕ್ಕದ್ದಕ್ಕೆ ದಾಟುವಾಗ ಫಂಕ್ಷನ್ ಮಾತ್ರವಲ್ಲದೆ ಅದರ ಮೊದಲ ಪಿ-1 ಅವಕಲನಗಳೂ ಮುರಿಯದೆ ಮುಂದುವರಿಯುತ್ತವೆ. ಘನಘಾತದ್ದಾದರೆ ಇಳಿಜಾರೂ ವಕ್ರತೆಯೂ ಎರಡೂ ಸತತ. ಸಾಂಪ್ರದಾಯಿಕ ಎಲಿಮೆಂಟುಗಳಲ್ಲಿ ಘಾತ ಎಷ್ಟೇ ಇರಲಿ, ಸೇರುವೆಯಲ್ಲಿ ಫಂಕ್ಷನ್ ಮಾತ್ರ ಸತತ, ಇಳಿಜಾರು ಮುರಿಯುತ್ತದೆ. ಈ ಒಂದು ವ್ಯತ್ಯಾಸದಿಂದ ಏನೇನು ಆಗುತ್ತದೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ.

ಮೊದಲನೆಯದು ತೆಳು ಶೆಲ್‌ಗಳು. ಕಾರಿನ ಬಾಗಿಲಿನ ತಗಡು, ವಿಮಾನದ ಮೈ, ಶೇಖರಣಾ ಟ್ಯಾಂಕಿನ ಗೋಡೆ ಇವೆಲ್ಲ ಬಾಗುವಾಗ ಶಕ್ತಿಯನ್ನು ಹಿಡಿದಿಡುವುದು ವಕ್ರತೆಯ ಬದಲಾವಣೆಯಲ್ಲಿ. ಕಿರ್ಕಾಫ್ ಮತ್ತು ಲವ್ ಹೆಸರಿನ ಹಳೆಯ ಸಿದ್ಧಾಂತ ಇದನ್ನು ನೇರವಾಗಿ ಬರೆಯುತ್ತದೆ, ಆದರೆ ಅದಕ್ಕೆ ಎರಡನೆಯ ಅವಕಲನ ಬೇಕು, ಅಂದರೆ ಎಲಿಮೆಂಟುಗಳ ಸೇರುವೆಯಲ್ಲಿ ಇಳಿಜಾರು ಸತತವಾಗಿರಬೇಕು. ಅಡ್ಡಾದಿಡ್ಡಿ ಮೆಶ್‌ನ ಮೇಲೆ ಇಂಥ ಎಲಿಮೆಂಟು ಕಟ್ಟುವುದು ಬಹಳ ತೊಡಕಿನ ಕೆಲಸವಾದ್ದರಿಂದ ಉದ್ಯಮ ಬೇರೆ ದಾರಿ ಹಿಡಿಯಿತು: ಪ್ರತಿ ನೋಡ್‌ನಲ್ಲಿ ಮೂರು ಸ್ಥಾನಪಲ್ಲಟಗಳ ಜೊತೆಗೆ ಎರಡೋ ಮೂರೋ ತಿರುಗುವಿಕೆಗಳನ್ನೂ ಅಜ್ಞಾತಗಳಾಗಿ ಸೇರಿಸಿ, ಇಳಿಜಾರಿನ ಸಾತತ್ಯದ ಬೇಡಿಕೆಯನ್ನೇ ತಪ್ಪಿಸಿಕೊಂಡಿತು. ಅದರ ಬೆಲೆಯಾಗಿ ಶೆಲ್ ತೆಳುವಾದಂತೆ ಲಾಕಿಂಗ್, ಅಂದರೆ ಶೆಲ್ ಲೆಕ್ಕದಲ್ಲಿ ಇರುವುದಕ್ಕಿಂತ ಹೆಚ್ಚು ಗಡುಸಾಗಿ ಕಾಣುವ ದೋಷ, ಕಾಣಿಸಿಕೊಂಡಿತು, ಅದನ್ನು ಗುಣಪಡಿಸಲು ದಶಕಗಳ ಸಂಶೋಧನೆ ನಡೆಯಿತು. ಸ್ಪ್ಲೈನ್‌ಗಳಲ್ಲಿ ಇಳಿಜಾರಿನ ಸಾತತ್ಯ ಮೊದಲೇ ಇದೆ. 2009ರಲ್ಲಿ ಕೀಂಡ್ಲ್ ಮತ್ತು ಸಂಗಡಿಗರು ತಿರುಗುವಿಕೆಯ ಅಜ್ಞಾತಗಳಿಲ್ಲದೆ, ಪ್ರತಿ ನಿಯಂತ್ರಣ ಬಿಂದುವಿಗೆ ಮೂರೇ ಅಜ್ಞಾತಗಳಿಂದ ಕಿರ್ಕಾಫ್-ಲವ್ ಶೆಲ್ ಕಟ್ಟಿ ತೋರಿಸಿದರು. ಲಾಕಿಂಗ್ ಇದರಿಂದ ಸಂಪೂರ್ಣ ಮಾಯವಾಯಿತು ಎಂದೇನೂ ಅಲ್ಲ. ವಕ್ರ ಶೆಲ್‌ಗಳಲ್ಲಿ ಮೆಂಬ್ರೇನ್ ಲಾಕಿಂಗ್ ಇಲ್ಲಿಯೂ ಕಾಡುತ್ತದೆ. ಆದರೆ ಅಡ್ಡಶಿಯರ್‌ನಿಂದ ಬರುವ ಲಾಕಿಂಗ್‌ಗೆ ಈ ಸಿದ್ಧಾಂತದಲ್ಲಿ ಜಾಗವೇ ಇಲ್ಲ.

ಇಲ್ಲಿ ಒಂದು ಪಕ್ಕದ ಮಾತು. ಕಂಪ್ಯೂಟರಿಗೆ ಮೊದಲು ಹಡಗು ಕಟ್ಟುವವರು ಉದ್ದನೆಯ ತೆಳು ಮರದ ಪಟ್ಟಿಯನ್ನು ಸೀಸದ ತೂಕಗಳಿಂದ ಅಲ್ಲಲ್ಲಿ ಒತ್ತಿಹಿಡಿದು ಅದರ ಅಂಚಿನಗುಂಟ ನಕ್ಷೆಯ ವಕ್ರರೇಖೆಯನ್ನು ಎಳೆಯುತ್ತಿದ್ದರು. ಆ ಪಟ್ಟಿ ತಾಳುವ ಆಕಾರ ಬಾಗುವ ಶಕ್ತಿ ಅತಿ ಕಡಿಮೆ ಇರುವ ಆಕಾರ. ಇಳಿಜಾರು ಸಣ್ಣದಿದ್ದಾಗ ಅದು ಎರಡು ತೂಕಗಳ ನಡುವೆ ಘನಘಾತದ ಬಹುಪದೋಕ್ತಿ, ತೂಕಗಳ ಬಳಿ ಇಳಿಜಾರೂ ವಕ್ರತೆಯೂ ಸತತ. ಅಂದರೆ ಘನ ಸ್ಪ್ಲೈನ್ ಎಂಬುದು ತೊಲೆಯ ಬಾಗುವಿಕೆಯ ಸಮೀಕರಣಕ್ಕೆ ಉತ್ತರವೇ. ಶೋನ್‌ಬರ್ಗ್ 1946ರಲ್ಲಿ ಈ ಫಂಕ್ಷನ್‌ಗಳನ್ನು ಗಣಿತದ ವಿಷಯವಾಗಿ ಬೆಳೆಸಿದಾಗ ಆ ಪಟ್ಟಿಯ ಹೆಸರನ್ನೇ ಉಳಿಸಿಕೊಂಡರು. ಬಾಗುವ ವಸ್ತುಗಳ ಲೆಕ್ಕಕ್ಕೆ ಸ್ಪ್ಲೈನ್‌ಗಳು ಇಷ್ಟು ಚೆನ್ನಾಗಿ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಲಾಭ ಅಜ್ಞಾತಗಳ ಸಂಖ್ಯೆಯದು. ಒಂದು ದಿಕ್ಕಿನಲ್ಲಿ 100 ಎಲಿಮೆಂಟುಗಳಿರುವ ಘನಘಾತದ ಮೆಶ್ ತೆಗೆದುಕೊಳ್ಳಿ. ಸಾಂಪ್ರದಾಯಿಕ ರೀತಿಯಲ್ಲಿ 301 ಫಂಕ್ಷನ್‌ಗಳು ಬೇಕು, ಗರಿಷ್ಠ ನುಣುಪಿನ ಸ್ಪ್ಲೈನ್‌ಗೆ 103 ಸಾಕು. ಮೂರು ದಿಕ್ಕಿನ ಘನಾಕಾರದಲ್ಲಿ ಇದು ಸುಮಾರು 2.7 ಕೋಟಿ ಮತ್ತು 11 ಲಕ್ಷ ಎಂದಾಗುತ್ತದೆ, ಅಂದರೆ 25 ಪಟ್ಟು ಅಂತರ. ಸಾಂಪ್ರದಾಯಿಕ ವಿಧಾನದಲ್ಲಿ ಘಾತ ಏರಿಸುವುದು ಎಂದರೆ ಅಜ್ಞಾತಗಳ ಮಹಾಪೂರ. ಇಲ್ಲಿ ಮೊದಲು ಘಾತ ಏರಿಸಿ ಅನಂತರ ನಾಟ್‌ಗಳನ್ನು ಸೇರಿಸುವ ಕ್ರಮದಲ್ಲಿ, ಘಾತ ಒಂದು ಏರಿದರೆ ಪ್ರತಿ ದಿಕ್ಕಿನಲ್ಲಿ ಒಂದೇ ಒಂದು ಫಂಕ್ಷನ್ ಹೆಚ್ಚುತ್ತದೆ. ಈ ಕ್ರಮಕ್ಕೆ ಕೆ-ರಿಫೈನ್‌ಮೆಂಟ್ ಎಂದು ಹೆಸರು. ಹಳೆಯ ವಿಧಾನದಲ್ಲಿ ಇದಕ್ಕೆ ಸಮನಾದದ್ದು ಏನೂ ಇಲ್ಲ.

ಮೂರನೆಯದು ಕಂಪನ. ಎರಡೂ ತುದಿ ಬಿಗಿದ ಒಂದು ಸರಳ ಸರಳಿನ ಸ್ವಾಭಾವಿಕ ಆವೃತ್ತಿಗಳನ್ನು ಎರಡೂ ವಿಧಾನಗಳಿಂದ ಲೆಕ್ಕ ಹಾಕಿ ನಿಖರ ಉತ್ತರದೊಡನೆ ಹೋಲಿಸಬಹುದು. ಕೆಳಗಿನ ಕೆಲವು ಆವೃತ್ತಿಗಳಲ್ಲಿ ಎರಡೂ ಚೆನ್ನಾಗಿಯೇ ಇವೆ. ಮೇಲೆ ಹೋದಂತೆ ಸಾಂಪ್ರದಾಯಿಕ ಎಲಿಮೆಂಟುಗಳ ಉತ್ತರಗಳು ಕವಲೊಡೆದು ನಡುವೆ ಜಿಗಿತಗಳು ಬರುತ್ತವೆ, ಮತ್ತು ಘಾತ ಏರಿಸಿದಷ್ಟೂ ತುದಿಯ ಆವೃತ್ತಿಗಳು ಇನ್ನಷ್ಟು ಕೆಡುತ್ತವೆ. ಸ್ಪ್ಲೈನ್‌ಗಳಲ್ಲಿ ಘಾತ ಏರಿಸಿದಷ್ಟೂ ಇಡೀ ಸಾಲು ಸುಧಾರಿಸುತ್ತದೆ. ಕೊನೆಯ ಬೆರಳೆಣಿಕೆಯಷ್ಟು ಮಾತ್ರ ಹಾದಿ ತಪ್ಪುತ್ತವೆ. ಕಾಟ್ರೆಲ್, ರೆಯಾಲಿ, ಬಾಜಿಲೆವ್ಸ್ ಮತ್ತು ಹ್ಯೂಸ್ 2006ರಲ್ಲಿ ಪ್ರಕಟಿಸಿದ ಈ ಫಲಿತಾಂಶದ ನಕ್ಷೆಯೇ ನನ್ನನ್ನು ಈ ವಿಧಾನದ ಪರ ಒಲಿಸಿದ್ದು. ನಿಖರ ಆಕಾರದ ಚಿತ್ರಗಳಲ್ಲ. ಸರಳಿಗೆ ವಕ್ರ ಆಕಾರವೇ ಇಲ್ಲ, ಆದ್ದರಿಂದ ಅಲ್ಲಿ ಕಂಡ ಲಾಭವೆಲ್ಲ ನುಣುಪಿನದು ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಡಿಕ್ಕಿಯಂಥ ಕ್ಷಿಪ್ರ ಘಟನೆಗಳನ್ನು ಸಣ್ಣ ಸಣ್ಣ ಕಾಲದ ಹೆಜ್ಜೆಗಳಲ್ಲಿ ಲೆಕ್ಕ ಹಾಕುವಾಗ ಹೆಜ್ಜೆಯ ಗಾತ್ರವನ್ನು ನಿರ್ಧರಿಸುವುದು ಮೆಶ್‌ನ ಅತಿ ಹೆಚ್ಚಿನ ಆವೃತ್ತಿ. ಹಾಗಾಗಿ ಮೇಲಿನ ಆವೃತ್ತಿಗಳು ಹತೋಟಿಯಲ್ಲಿದ್ದರೆ ದೊಡ್ಡ ಹೆಜ್ಜೆ ಇಡಬಹುದು. ಡಿಕ್ಕಿಗಳನ್ನು ಲೆಕ್ಕ ಹಾಕುವ ಎಲ್‌ಎಸ್-ಡೈನಾದಂಥ ತಂತ್ರಾಂಶದಲ್ಲಿ ನರ್ಬ್ಸ್ ಶೆಲ್‌ಗಳು ನೆಲೆ ಕಂಡುಕೊಂಡದ್ದರ ಹಿಂದೆ ಈ ಕಾರಣವೂ ಇದೆ.

ನುಣುಪು ಪುಕ್ಕಟೆ ಬರುವುದಿಲ್ಲ. ಅಕ್ಕಪಕ್ಕದ ಫಂಕ್ಷನ್‌ಗಳು ಒಂದರ ಮೇಲೊಂದು ಹೆಚ್ಚು ಹರಡಿಕೊಂಡಿರುವುದರಿಂದ, ಬಿಡಿಸಬೇಕಾದ ಸಮೀಕರಣಗಳ ಮ್ಯಾಟ್ರಿಕ್ಸ್‌ನ ಪ್ರತಿ ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆಗಳು ಹೆಚ್ಚುತ್ತವೆ, ಮೂರು ಆಯಾಮಗಳಲ್ಲಿ ಅಂತೂ ವಿಪರೀತ. ದೊಡ್ಡ ಸಮಸ್ಯೆಗಳನ್ನು ನೇರ ಸಾಲ್ವರ್‌ನಿಂದ ಬಿಡಿಸುವಾಗ, ಅಜ್ಞಾತಗಳ ಸಂಖ್ಯೆ ಸಮನಾಗಿದ್ದರೆ, ಗರಿಷ್ಠ ನುಣುಪಿನ ಸ್ಪ್ಲೈನ್‌ಗೆ ತಗಲುವ ಶ್ರಮ ಸಾಂಪ್ರದಾಯಿಕ ಎಲಿಮೆಂಟುಗಳಿಗಿಂತ ಘಾತದ ಘನದಷ್ಟು ಪಟ್ಟು ಹೆಚ್ಚಾಗಬಹುದು ಎಂದು ಕೋಲಿಯರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಘನಘಾತಕ್ಕೆ ಅದು 27 ಪಟ್ಟು. ಅಜ್ಞಾತಗಳು 25 ಪಟ್ಟು ಕಡಿಮೆ ಎಂದು ಹಿಗ್ಗುವವರು ಈ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನಿಯಂತ್ರಣ ಬಿಂದುಗಳು ಮೇಲ್ಮೈಯ ಮೇಲೆ ಇರದ ಕಾರಣ, ಅಂಚಿನಲ್ಲಿ ನಿರ್ದಿಷ್ಟ ಸ್ಥಾನಪಲ್ಲಟ ಹೇರುವಂಥ ಸರಳ ಕೆಲಸಕ್ಕೂ ಒಮ್ಮೊಮ್ಮೆ, ಅಂಚಿನ ಷರತ್ತನ್ನು ಸಮೀಕರಣದಲ್ಲೇ ಸೇರಿಸುವ ನೀಚೆಯ ವಿಧಾನದಂಥ ಉಪಾಯ ಬೇಕಾಗುತ್ತದೆ. ಇವು ಕಿರಿಕಿರಿಗಳು, ಕಲಿತರೆ ನಿಭಾಯಿಸಬಹುದು.

ನಿಜವಾದ ಗೋಡೆ ಕ್ಯಾಡ್ ಕಡೆಗೆ ಇದೆ. ವಿಶ್ಲೇಷಣೆಯ ಕಡೆಯಿಂದ ಸ್ಪ್ಲೈನ್‌ಗೆ ಬಂದರೆ ಕ್ಯಾಡ್ ಮಾದರಿ ತಾನಾಗಿಯೇ ಲೆಕ್ಕಕ್ಕೆ ಸಿದ್ಧವಾಗಿ ಸಿಗುತ್ತದೆ ಎಂಬುದು 2005ರ ಆಶಯವಾಗಿತ್ತು. ಆದರೆ ಕ್ಯಾಡ್ ಕಡತದಲ್ಲಿ ಇರುವುದು ಅಚ್ಚುಕಟ್ಟಾದ ಸ್ಪ್ಲೈನ್ ಮೆಶ್ ಅಲ್ಲ. ತೂತಿರುವ ಒಂದು ತಗಡನ್ನೇ ನೋಡಿ. ಪಠ್ಯಪುಸ್ತಕದ ಉದಾಹರಣೆಯಲ್ಲಿ, ಅಂದರೆ ಕಿರ್ಷ್ 1898ರಲ್ಲಿ ಬಿಡಿಸಿದ, ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುವ ಸಮಸ್ಯೆಯಲ್ಲಿ, ಸ್ಪ್ಲೈನ್ ತೂತಿನ ಸುತ್ತ ಬಾಗಿ ಹರಿಯುತ್ತದೆ. ಹಾಗೆ ಹರಿಯಿಸಲು ಹೊರಗಿನ ಚೌಕದ ಮೂಲೆಯಲ್ಲಿ ಎರಡು ನಿಯಂತ್ರಣ ಬಿಂದುಗಳನ್ನು ಒಂದೇ ಜಾಗದಲ್ಲಿ ಇಡುವ ಜಾಣತನ ಬೇಕಾಗುತ್ತದೆ. ಕ್ಯಾಡ್ ತಂತ್ರಾಂಶ ಇಂಥ ಗೋಜಿಗೆ ಹೋಗುವುದಿಲ್ಲ. ಅದು ಇಡೀ ಆಯತವನ್ನು ತೂತಿಲ್ಲದ ಒಂದೇ ಮೇಲ್ಮೈಯಾಗಿ ಇಟ್ಟುಕೊಂಡು, ಅದರ ಮೇಲೆ ಒಂದು ಮುಚ್ಚಿದ ಗೆರೆ ಎಳೆದು, ಇದರ ಒಳಗಿನದನ್ನು ತೋರಿಸಬೇಡ ಎಂದು ಟಿಪ್ಪಣಿ ಹಾಕುತ್ತದೆ. ಇದಕ್ಕೇ ಟ್ರಿಮ್ಮಿಂಗ್ ಎನ್ನುವುದು. ಕೆಳಗಿನ ಸ್ಪ್ಲೈನ್‌ಗೆ ಅಲ್ಲಿ ತೂತಿದೆ ಎಂಬ ಅರಿವೇ ಇಲ್ಲ. ಅದರ ನಾಟ್‌ಗೆರೆಗಳು ತೂತಿನ ಮೂಲಕ ನೇರವಾಗಿ ಹಾದುಹೋಗುತ್ತವೆ.

ಆ ಗೆರೆಯೂ ಅಂದಾಜಿನದೇ. ಎರಡೂ ದಿಕ್ಕಿನಲ್ಲಿ ಘನಘಾತವಿರುವ ಎರಡು ಮೇಲ್ಮೈಗಳು ಒಂದನ್ನೊಂದು ಛೇದಿಸಿದರೆ ಸಿಗುವ ವಕ್ರರೇಖೆಯ ಬೀಜಗಣಿತೀಯ ಘಾತ ಸಾಮಾನ್ಯವಾಗಿ 324. ಯಾವ ತಂತ್ರಾಂಶವೂ ಅದನ್ನು ಇದ್ದಂತೆ ಬರೆದಿಡುವುದಿಲ್ಲ. ಬದಲಾಗಿ ಕಡಿಮೆ ಘಾತದ ಒಂದು ರೇಖೆಯಿಂದ ಟಾಲರೆನ್ಸ್‌ನ (ಒಪ್ಪಬಹುದಾದ ತಪ್ಪಿನ ಮಿತಿಯ) ಒಳಗೆ ಅಂದಾಜು ಮಾಡುತ್ತದೆ. ಒಂದೊಂದು ಮೇಲ್ಮೈಯ ಮೇಲೆ ಒಂದೊಂದು ಅಂದಾಜು, ಎರಡೂ ಪೂರ್ತಿ ಹೊಂದುವುದಿಲ್ಲ. ಬರಹದ ಮೊದಲಲ್ಲಿ ಹೇಳಿದ ಸಂದುಗಳು ಹುಟ್ಟುವುದು ಇಲ್ಲಿಯೇ. ವಿನ್ಯಾಸಕಾರರ ಅಜಾಗರೂಕತೆ ಅದಕ್ಕೆ ಕಾರಣವಲ್ಲ. ಆದ್ದರಿಂದ ಕ್ಯಾಡ್‌ನ ಆಕಾರವನ್ನು ನಿಖರ ಎನ್ನುವ ಮಾತು ಸೇರುವೆಗಳ ಬಳಿ ಕ್ಯಾಡ್‌ಗೇ ಅನ್ವಯಿಸುವುದಿಲ್ಲ. ನಿಖರತೆಯ ಪ್ರಚಾರದ ಬಗ್ಗೆ ನನ್ನ ತಕರಾರಿಗೆ ಇದು ಎರಡನೆಯ ಕಾರಣ.

ಟ್ರಿಮ್ ಆದ ಮೇಲ್ಮೈಯಲ್ಲಿ ಲೆಕ್ಕ ಹಾಕುವುದು ಅಸಾಧ್ಯವಲ್ಲ. ಗೆರೆ ಹಾದುಹೋಗುವ ಎಲಿಮೆಂಟುಗಳಲ್ಲಿ ಉಳಿದ ಭಾಗದ ಮೇಲೆ ಮಾತ್ರ ಅನುಕಲನ ಮಾಡಬೇಕು. 2007ರಲ್ಲಿ ಪರ್ವಿಜಿಯನ್, ಡೂಸ್ಟರ್ ಮತ್ತು ರಾಂಕ್ ಮುಂದಿಟ್ಟ ಫೈನೈಟ್ ಸೆಲ್ ವಿಧಾನದ ವಿಚಾರಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ತೊಂದರೆ ಬರುವುದು ಎಲಿಮೆಂಟಿನ ಒಂದು ಚೂರು ಮಾತ್ರ ಉಳಿದಾಗ: ಆ ಚೂರಿಗೆ ಅಂಟಿಕೊಂಡ ಫಂಕ್ಷನ್‌ನ ಪಾಲು ಹೆಚ್ಚುಕಡಿಮೆ ಸೊನ್ನೆಯಾಗಿ ಮ್ಯಾಟ್ರಿಕ್ಸ್‌ನ ಸ್ಥಿತಿ ಕೆಡುತ್ತದೆ. ಇದಕ್ಕೂ ಪರಿಹಾರಗಳಿವೆ. ಆದರೆ ಟ್ರಿಮ್ ಆದ ಅಂಚಿನಲ್ಲಿ ಎರಡು ಮೇಲ್ಮೈಗಳನ್ನು ಸೇರಿಸುವಾಗ ಅವುಗಳ ನಾಟ್‌ಗಳು ಒಂದಕ್ಕೊಂದು ಹೊಂದದ ಕಾರಣ ಪೆನಾಲ್ಟಿ, ನೀಚೆ, ಮಾರ್ಟರ್ ಮೊದಲಾದ ವಿಧಾನಗಳಿಂದ ಬಲವಂತವಾಗಿ ಜೋಡಿಸಬೇಕು, ಮತ್ತು ಕಷ್ಟಪಟ್ಟು ಗಳಿಸಿದ ನುಣುಪು ಆ ಅಂಚಿನಲ್ಲಿ ಅಂದಾಜಾಗಿ ಮಾತ್ರ ಉಳಿಯುತ್ತದೆ.

ಘನವಸ್ತುಗಳ ಕಥೆ ಇನ್ನೂ ಕಠಿಣ. ಕ್ಯಾಡ್ ಮಾದರಿ ವಸ್ತುವಿನ ಹೊರಮೈಯನ್ನು ಮಾತ್ರ ಹೇಳುತ್ತದೆ. ಒಳಗೆ ಏನಿದೆ ಎಂಬುದನ್ನು ಅದು ಬರೆದಿಡುವುದೇ ಇಲ್ಲ. ಎಂಜಿನ್ನಿನ ಬ್ಲಾಕ್‌ನಂಥ ಆಕಾರದ ಒಳಗನ್ನು ಮೂರು ದಿಕ್ಕಿನ ಸ್ಪ್ಲೈನ್‌ಗಳಿಂದ ತುಂಬುವುದು, ಆರು ಮುಖದ ಎಲಿಮೆಂಟುಗಳ ಮೆಶ್ ಮಾಡುವಷ್ಟೇ ಅಥವಾ ಅದಕ್ಕಿಂತ ಹೆಚ್ಚು ಕಷ್ಟದ ಕೆಲಸ. ಐಜಿಎಯ ಯಶಸ್ಸಿನ ಕಥೆಗಳಲ್ಲಿ ಶೆಲ್‌ಗಳು ಇಷ್ಟು ಮುಂದೆ ಇರುವುದಕ್ಕೆ ಇದೂ ಒಂದು ಕಾರಣ: ತಗಡಿನ ಲೆಕ್ಕಕ್ಕೆ ಹೊರಮೈಯೇ ಸಾಕು.

ಬೇಕಾದ ಜಾಗದಲ್ಲಿ ಮಾತ್ರ ಮೆಶ್ ಸಣ್ಣದಾಗಿಸುವ ಪ್ರಶ್ನೆ ಹೆಚ್ಚುಕಡಿಮೆ ಬಗೆಹರಿದಿದೆ. ಸಾಧಾರಣ ನರ್ಬ್ಸ್ ಮೇಲ್ಮೈಯಲ್ಲಿ ಒಂದು ನಾಟ್ ಸೇರಿಸಿದರೆ ಅದರ ಗೆರೆ ಈ ತುದಿಯಿಂದ ಆ ತುದಿಗೆ ಹರಿಯುತ್ತದೆ. ಸೆಡರ್‌ಬರ್ಗ್ ಮತ್ತು ಸಂಗಡಿಗರ 2003ರ ಟಿ-ಸ್ಪ್ಲೈನ್‌ಗಳು ಆ ಗೆರೆಯನ್ನು ನಡುವೆ ನಿಲ್ಲಿಸಲು ಅವಕಾಶ ಕೊಟ್ಟವು. ನನಗೆ ಹೆಚ್ಚು ಇಷ್ಟವಾದದ್ದು ಫೋರ್ಸಿ ಮತ್ತು ಬಾರ್ಟೆಲ್ಸ್ 1988ರಲ್ಲಿ ಆರಂಭಿಸಿದ ಶ್ರೇಣೀಕೃತ ಬಿ-ಸ್ಪ್ಲೈನ್‌ಗಳ ದಾರಿ. ಜನೆಲ್ಲಿ, ಯೂಟ್ಲರ್ ಮತ್ತು ಸ್ಪೆಲೇರ್ಸ್ 2012ರಲ್ಲಿ ಅದನ್ನು ಪರಿಷ್ಕರಿಸಿ, ಫಂಕ್ಷನ್‌ಗಳ ಮೊತ್ತ ಎಲ್ಲೆಡೆ 1 ಆಗಿರುವಂತೆ ಮಾಡಿದರು. ಹಳೆಯ ತಂತ್ರಾಂಶಕ್ಕೆ ಸ್ಪ್ಲೈನ್ ಹೊಂದಿಸುವ ಕೆಲಸವನ್ನು ಬೆಜಿಯೆ ಎಕ್ಸ್‌ಟ್ರಾಕ್ಷನ್ ಸುಲಭ ಮಾಡಿದೆ: ಪ್ರತಿ ಎಲಿಮೆಂಟಿನ ಮೇಲೆ ಸ್ಪ್ಲೈನ್‌ಗಳನ್ನು ಬೆಜಿಯೆ ಬಹುಪದೋಕ್ತಿಗಳಾಗಿ ಬರೆಯುವ ಒಂದು ಸಣ್ಣ ಮ್ಯಾಟ್ರಿಕ್ಸ್ ಕೊಟ್ಟರೆ, ಎಲಿಮೆಂಟಿನ ಉಳಿದ ಲೆಕ್ಕ ಎಂದಿನಂತೆಯೇ ನಡೆಯುತ್ತದೆ. ಕೈಯಾರೆ ಮಾಡಿ ನೋಡಬಯಸುವವರಿಗೆ ಆಕ್ಟೇವ್ ಎಂಬ ಗಣಿತದ ತಂತ್ರಾಂಶದಲ್ಲಿ ನಡೆಯುವ ಜಿಯೋಪಿಡಿಇಸ್ ಎಂಬ ಮುಕ್ತ ತಂತ್ರಾಂಶ ಒಳ್ಳೆಯ ಆರಂಭ. ಅದರ ಕೋಡ್ ಓದಿದರೆ ಅರ್ಥವಾಗುವಂತಿದೆ, ಸಂಶೋಧನೆಯ ತಂತ್ರಾಂಶಗಳಲ್ಲಿ ಇದು ಅಪರೂಪ.

ವಿನ್ಯಾಸಕ್ಕೂ ಲೆಕ್ಕಕ್ಕೂ ನಡುವಿನ ನಂಟು ನಿಜಕ್ಕೂ ಕೈಗೆ ಹತ್ತುವುದು ಆಕಾರದ ಆಪ್ಟಿಮೈಸೇಶನ್‌ನಲ್ಲಿ, ಅಂದರೆ ಅತ್ಯುತ್ತಮ ಆಕಾರವನ್ನು ಹುಡುಕುವುದರಲ್ಲಿ. ಸಾಂಪ್ರದಾಯಿಕ ಮೆಶ್‌ನಲ್ಲಿ ನೋಡ್‌ಗಳನ್ನೇ ವಿನ್ಯಾಸದ ಚಲಕಗಳಾಗಿ ತೆಗೆದುಕೊಂಡರೆ ಅಂಚು ಗರಗಸದ ಹಲ್ಲಿನಂತಾಗುತ್ತದೆ, ಅದನ್ನು ತಡೆಯಲು ಫಿಲ್ಟರ್‌ಗಳು ಬೇಕಾಗುತ್ತವೆ. ಸ್ಪ್ಲೈನ್‌ಗಳಲ್ಲಿ ಕೆಲಸವನ್ನು ಎರಡು ಮಟ್ಟದಲ್ಲಿ ಹಂಚಬಹುದು: ವಿನ್ಯಾಸಕಾರರು ಎಳೆದ ಒರಟು ಮಾದರಿಯ ಕೆಲವೇ ನಿಯಂತ್ರಣ ಬಿಂದುಗಳು ಚಲಕಗಳು, ಲೆಕ್ಕ ನಡೆಯುವುದು ನಾಟ್‌ಗಳನ್ನು ಸೇರಿಸಿ ಪಡೆದ ಸೂಕ್ಷ್ಮ ಮಾದರಿಯ ಮೇಲೆ. ಎರಡರ ನಡುವಿನ ಸಂಬಂಧ, ಮೇಲೆ ಕಾಲುವೃತ್ತದಲ್ಲಿ ನೋಡಿದಂತೆ, ಬರಿಯ ಸರಾಸರಿಗಳ ಒಂದು ಮ್ಯಾಟ್ರಿಕ್ಸ್. ತೂಕಗಳನ್ನು ಬದಲಿಸದೆ ಬಿಂದುಗಳನ್ನು ಮಾತ್ರ ಸರಿಸುವುದಾದರೆ, ಸೂಕ್ಷ್ಮ ಮಾದರಿಯಲ್ಲಿ ಕಂಡುಕೊಂಡ ಸಂವೇದನೆಗಳನ್ನು (ಬಿಂದು ಸರಿಸಿದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬ ಅಳತೆಗಳು) ಆ ಮ್ಯಾಟ್ರಿಕ್ಸ್‌ನಿಂದಲೇ ಒರಟು ಬಿಂದುಗಳಿಗೆ ಇಳಿಸಬಹುದು. ಕೊನೆಯಲ್ಲಿ ಸಿಗುವ ಆಕಾರ ಮತ್ತೆ ಕೆಲವೇ ನಿಯಂತ್ರಣ ಬಿಂದುಗಳ ಸ್ಪ್ಲೈನ್ ಆಗಿರುತ್ತದೆ, ಕ್ಯಾಡ್ ತಂತ್ರಾಂಶ ಅದನ್ನು ಹಾಗೆಯೇ ತೆರೆಯುತ್ತದೆ. ಫಂಕ್ಷನ್‌ನ ನುಣುಪು ಇಲ್ಲಿ ಅಂಚಿನ ನುಣುಪೂ ಆಗುವುದರಿಂದ ಫಿಲ್ಟರ್‌ನ ಅಗತ್ಯವೂ ಬಹುಮಟ್ಟಿಗೆ ತಪ್ಪುತ್ತದೆ.

ಹೀಗಾಗಿ ಸದ್ಯಕ್ಕೆ ನನ್ನ ಆಯ್ಕೆ ಇಷ್ಟು. ತೆಳು ಶೆಲ್, ಕಂಪನ, ಜಾರುವ ಸಂಪರ್ಕ, ಕೆಲವೇ ಮೇಲ್ಮೈಗಳಿಂದಾದ ಭಾಗದ ಆಕಾರ ಸುಧಾರಣೆ ಇವುಗಳಿಗೆ ಸ್ಪ್ಲೈನ್ ಹಿಡಿಯುತ್ತೇನೆ. ನೂರಾರು ಟ್ರಿಮ್ ಇರುವ ಎರಕದ ಘನಭಾಗ ಬಂದರೆ ವರ್ಗಘಾತದ ನಾಲ್ಕುಮುಖಿ ಎಲಿಮೆಂಟುಗಳ ಹಳೆಯ ಮೆಶ್‌ನಲ್ಲೇ ಲೆಕ್ಕ ಮುಗಿಸುತ್ತೇನೆ. ಅಲ್ಲಿ ಆಕಾರದ ತಪ್ಪು ಎಷ್ಟು ಸಣ್ಣದು ಎಂಬುದನ್ನು 16 ತುಂಡುಗಳ ವೃತ್ತದ ಲೆಕ್ಕವೇ ಹೇಳಿದೆ. ಇಂಥ ಭಾಗಗಳಿಗೂ ಸ್ಪ್ಲೈನ್ ಒಗ್ಗಬೇಕಾದರೆ ಬದಲಾಗಬೇಕಾದದ್ದು ಕ್ಯಾಡ್ ತಂತ್ರಾಂಶ ಛೇದನದ ಗೆರೆಗಳನ್ನು ದಾಖಲಿಸುವ ರೀತಿ.